ಪೊಟ್ಟಣದ ಹಿಂಬದಿ

ಪ್ರೀತಿಯ ಅತ್ತಿಗೆ,

ನೀವು ಕಳಿಸಿದ ಬಿಸ್ಕತ್ತಿನ ಪೊಟ್ಟಣ ತಲುಪಿತು. ಕನ್ನಡಕ ಮನೆಯಲ್ಲೇ ಮರೆತು, ಅಂಗಡಿಯಲ್ಲಿ ಯಾರದೋ ಕನ್ನಡಕ ಕೇಳಿ ಪಡೆದು, ಹಿಂಬದಿಯ ಸಣ್ಣಕ್ಷರವನ್ನೆಲ್ಲ ಓದಿ ತಂದಿರಂತೆ. ಅಣ್ಣ ಫೋನಿನಲ್ಲಿ ಹೇಳಿದ. ಕೇಳಿ ನಕ್ಕೆ, ಆಮೇಲೆ ಅತ್ತುಬಿಟ್ಟೆ. ಎರಡನ್ನೂ ನೋಡಲು ಈ ಮನೆಯಲ್ಲಿ ಇನ್ನೊಬ್ಬರಿಲ್ಲ.

ಉಣ್ಣಿ ಕಚ್ಚಿದ್ದು ಕಾಲಿಗೆ, ಏಟು ಬಿದ್ದದ್ದು ಹೊಟ್ಟೆಗೆ. ಡಾಕ್ಟರು ಆಲ್ಫಾ-ಗಾಲ್ ಎಂದಾಗ ಯಾವುದೋ ಸಾಬೂನಿನ ಹೆಸರೆಂದುಕೊಂಡಿದ್ದೆ. ಉಣ್ಣಿ ಕಡಿತದಿಂದ ಬರುವ ಅಲರ್ಜಿಯಂತೆ ಅದು; ಹಾಲುಣಿಸುವ ಪ್ರಾಣಿಗಳ ಮಾಂಸ, ಕೊಬ್ಬು ಆಗದು. ನನ್ನ ಮಟ್ಟಿಗೆ ಹಾಲೂ ಆಗದು. ಮಾಂಸ ಬಿಡುವುದು ಸುಲಭ, ಅದು ಕಣ್ಣಿಗೆ ಕಾಣುತ್ತದೆ. ಪೊಟ್ಟಣದೊಳಗೆ ಅಡಗಿ ಕೂತದ್ದನ್ನು ಹಿಡಿಯುವುದೇ ಕಷ್ಟ. ಕನ್ನಡಕದ ಗಾಜಿಗೆ ಸಾಣೆ ಹಿಡಿಯುವ ಕೆಲಸ ಮಾಡುವ ನನಗೆ ಭೂತಗನ್ನಡಿಗೇನು ಬರವೇ? ಅದನ್ನು ಹಿಡಿದು ಅಂಗಡಿಯಲ್ಲಿ ನಿಂತರೆ ಗಲ್ಲಾದಲ್ಲಿ ಕೂತವನು, ‘ಏನಮ್ಮಾ, ಬಿಸ್ಕತ್ತಿನ ಜಾತಕ ನೋಡಿ ಮುಗೀಲಿಲ್ವಾ ಇನ್ನೂ?’ ಎಂದು ರೇಗಿಸುತ್ತಾನೆ. ಎಷ್ಟೋ ದಿನ ನನ್ನನ್ನು ಮಾತಾಡಿಸುವವನು ಅವನೊಬ್ಬನೇ. ಅದಕ್ಕೇ ಬೇಗ ಮುಗಿಸುವುದಿಲ್ಲ.

ಅವತ್ತು ಊಟಕ್ಕೆ ಕರೆದಾಗ ನೀವು ನನಗೆಂದೇ ಹೊಸ ಬಾಣಲೆ ತಂದು, ಬೇರೆ ಸೌಟಿನಲ್ಲಿ ಕೋಳಿ ಮಾಡಿದಿರಿ. ನಿಮ್ಮ ಅಡುಗೆಯಲ್ಲಿ ಏನೂ ತಪ್ಪಿರಲಿಲ್ಲ. ಕೊನೆಗೆ ಕೊಟ್ಟ ಹಣ್ಣಿನ ಜೆಲ್ಲಿ ಮೋಸ ಮಾಡಿತು. ಡಬ್ಬದ ಮೇಲೆ ಬರೀ ಕಿತ್ತಳೆಯ ಚಿತ್ರ. ಒಳಗಿದ್ದ ಜೆಲಟಿನ್ ದನದ ಮೂಳೆ, ಚರ್ಮದಿಂದ ಬಂದದ್ದೆಂದು ನಿಮಗೂ ಗೊತ್ತಿರಲಿಲ್ಲ, ಎರಡೆರಡು ಸಲ ಹಾಕಿಸಿಕೊಂಡ ನನಗೂ ಹೊಳೆಯಲಿಲ್ಲ. ಈ ಕಾಯಿಲೆ ತಿಂದ ಕೂಡಲೇ ಮುಖ ತೋರಿಸುವುದಿಲ್ಲ, ಗಂಟೆಗಳು ಕಳೆದ ಮೇಲೆ ಬರುತ್ತದೆ. ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ ಆಸ್ಪತ್ರೆ ಸೇರಿದೆ. ನೀವು ಮಂಚದ ಪಕ್ಕ ನಿಂತು, ‘ನನ್ನ ಕೈಯಾರೆ ನಿನಗೆ ವಿಷ ಇಕ್ಕಿಬಿಟ್ಟೆನಲ್ಲೇ’ ಅಂದಿರಿ.

ಅಂದಿನಿಂದ ನೀವು ಕರೆಯುವ ರೀತಿಯೇ ಬದಲಾಯಿತು. ‘ಊಟ ಮುಗಿಸ್ಕೊಂಡು ಬಾ, ಕೂತು ಮಾತಾಡೋಣ.’ ನಾನು ಬರುವಷ್ಟರಲ್ಲಿ ಮಕ್ಕಳು ಕೈ ತೊಳೆದಿರುತ್ತಾರೆ, ನೀವು ಮೇಜು ಒರೆಸಿರುತ್ತೀರಿ. ಜಗಳ, ನಗು, ಶಾಲೆಯ ಸುದ್ದಿ ಎಲ್ಲ ತಟ್ಟೆಗಳ ಮುಂದೆಯೇ ಆಗಿಹೋಗಿರುತ್ತದೆ. ನನಗೆ ಉಳಿಯುವುದು ಕುಶಲ ಪ್ರಶ್ನೆ ಮಾತ್ರ. ಮನೆಗೆ ಮರಳುವಾಗ ಬಹಳ ಒಂಟಿ ಅನ್ನಿಸುತ್ತದೆ, ಅತ್ತಿಗೆ.

ನಿಮ್ಮ ಬಿಸ್ಕತ್ತನ್ನು ನಾನು ತಿನ್ನಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನೀವು ಸರಿಯಾಗಿಯೇ ಓದಿದ್ದೀರಿ. ಆದರೆ ಕೊನೆಯ ಸಾಲಿನಲ್ಲಿ ‘ಸಹಜ ಸುವಾಸನೆ’ ಎಂದಷ್ಟೇ ಇದೆ, ಯಾವುದರಿಂದ ತೆಗೆದದ್ದೆಂದು ಇಲ್ಲ. ಕಂಪನಿಗೆ ಫೋನು ಮಾಡಿದರೆ ಅಲ್ಲಿಯ ಹುಡುಗಿ, ‘ಅದು ನಮ್ಮ ಗುಟ್ಟು ಮೇಡಂ, ಹೇಳೋ ಹಾಗಿಲ್ಲ’ ಅಂದಳು. ಅವರ ಗುಟ್ಟಿಗೆ ನನ್ನ ಪ್ರಾಣ ಒಡ್ಡಲಾರೆ. ಪೊಟ್ಟಣವನ್ನು ಪಕ್ಕದ ಮನೆಗೆ ಕೊಟ್ಟೆ.

ತುಂಬ ರುಚಿಯಾಗಿತ್ತು ಎಂದು ಬರೆದುಬಿಡಬಹುದಿತ್ತು. ಆಗ ನೀವು ಇನ್ನೊಂದು ಪೊಟ್ಟಣ ಕಳಿಸುತ್ತಿದ್ದಿರಿ, ನಾನು ಇಲ್ಲೇ ಒಬ್ಬಳೇ ಇರುತ್ತಿದ್ದೆ. ನನಗೆ ಬೇಕಿರುವುದು ತಿಂಡಿಯಲ್ಲ. ಭಾನುವಾರ ಊಟದ ಹೊತ್ತಿಗೇ ಬರುತ್ತೇನೆ. ನನ್ನ ಊಟ ನಾನೇ ಡಬ್ಬಿಯಲ್ಲಿ ತರುತ್ತೇನೆ. ನೀವು ಏನೂ ಬಡಿಸಬೇಡಿ, ಹೆದರಬೇಡಿ. ನಿಮ್ಮ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ, ಸಾಕು.

ನಿಮ್ಮ ಮನೆ, ಮಕ್ಕಳು ತಣ್ಣಗಿರಲಿ. ನಿಮ್ಮ ಕೈಯ ಮೇಲೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ.

ಇಂತಿ,
ಹಸಿದಿರುವ ನಿಮ್ಮ ನಾದಿನಿ