ಗ್ರಾಮಫೋನಿಲ್ಲದ ಅಮ್ಮನ ಎಂಟು ರೆಕಾರ್ಡು

ನ್ಯೂಕಾಸಲ್, ಬುಧವಾರ, ಆಗಸ್ಟ್ 4, 1965

ಬೆಳಿಗ್ಗೆಯಿಂದ ಅಂಗಡಿಯಲ್ಲಿ ರೆಕಾರ್ಡುಗಳ ಧೂಳು ಒರೆಸಿದ್ದೇ ಆಯಿತು. ಹನ್ನೊಂದಕ್ಕೆ ರೇಡಿಯೋ ಸ್ಟೇಷನ್ನಿನ ಮರ್ವಿನ್ ಫೋನು. ಪ್ರತಿ ಬುಧವಾರದ ಹಾಗೇ. ಊರಿನ ಅಂಗಡಿಗಳನ್ನೆಲ್ಲ ವಿಚಾರಿಸಿ, ಹೆಚ್ಚು ಮಾರಿದ ನಲವತ್ತು ಹಾಡುಗಳ ಪಟ್ಟಿ ಮಾಡಿ, ಶುಕ್ರವಾರ ಸಂಜೆ ಓದುತ್ತಾನೆ. ನಮ್ಮೂರಿನವರ ಹಾಡು ಇವತ್ತಿನವರೆಗೂ ಒಂದನೆಯದಾಗಿಲ್ಲ. ಈ ಸಲ ಆಗಬಹುದು... ಹಾಡಿದವನು ನನ್ನ ತಮ್ಮ ಡೆಸ್ಮಂಡ್. ವಾರವೆಲ್ಲ ಉಕ್ಕಿನ ಕಾರ್ಖಾನೆ, ಶನಿವಾರ ಗಿಟಾರು.

ಈ ವಾರ ನನ್ನ ಕೌಂಟರಿನಲ್ಲಿ ಮಾರಿದ್ದು: ಪೈಪೋಟಿಗಿರುವ ಲಂಡನ್ನಿನ ತಂಡದ್ದು ಮೂವತ್ತೊಂದು. ಡೆಸ್‌ದು ಮೂವತ್ತಾರು! ಆದರೆ ಅದರಲ್ಲಿ ಎಂಟು ಕೊಂಡವಳು ಅಮ್ಮ. ಅವಳ ಮನೆಯಲ್ಲಿ ಗ್ರಾಮಫೋನೇ ಇಲ್ಲ.

"ಇಪ್ಪತ್ತೆಂಟು" ಅಂದುಬಿಟ್ಟೆ.

ಶುಕ್ರವಾರ, 6

ಎರಡನೆಯ ಸ್ಥಾನ. ಎಲ್ಲ ಅಂಗಡಿ ಸೇರಿ ಐದೇ ರೆಕಾರ್ಡು ಕಡಿಮೆಯಂತೆ. ಐದು!

ಅಮ್ಮನ ಮನೆಯಲ್ಲಿ ಊಟ. ಸುಮ್ಮನಿರಲಾರದೆ ಬಾಯಿಬಿಟ್ಟೆ.

"ಎಂಟು ಕಳೆದ್ಯಾ?" ಡೆಸ್ ಫೋರ್ಕು ಕೆಳಗಿಟ್ಟ. "ಬೇರೆ ಅಂಗಡಿಯವರು ಹೀಗೆ ಕಳೀತಾರೇನೇ ಯೂನಾ?"

"ಅದನ್ನೂ ಎಣಿಸಿದ್ರೆ ಅಮ್ಮನ ಪಟ್ಟಿ ಆಗ್ತಿತ್ತು ಕಣೋ, ಊರಿನದ್ದಲ್ಲ."

"ನೀನು ನನ್ನ ಅಕ್ಕನೋ, ಟ್ಯಾಕ್ಸ್ ಆಫೀಸರೋ?" ಎದ್ದು ಹೋದ.

"ನನ್ನ ಪರ್ಸು, ನನ್ನ ಮಗ. ನಿಂಗೇನೇ ಹೊಟ್ಟೆನೋವು?" ಅಮ್ಮನ ಪಾಲಿನ ಮಾತು. ಹುರಿದ ಮೀನು ಆರಿ ಹೋಯಿತು. ನಾನು ಮಾಡಿದ್ದು ಸರಿ. ಆದರೂ ದಾರಿಯುದ್ದಕ್ಕೂ ಅತ್ತೆ.

ಸೋಮವಾರ, 9

ಡೆಸ್ ಬೀದಿಯಲ್ಲಿ ಸಿಕ್ಕರೂ ಮುಖ ತಿರುಗಿಸಿದ. ಅಮ್ಮ ಎಂಟೂ ರೆಕಾರ್ಡನ್ನು ಬುಟ್ಟಿಗೆ ತುಂಬಿಕೊಂಡು ಅಂಗಡಿ ಮುಂದೆಯೇ ಹೊರಟಿದ್ದಳು.

"ಎಲ್ಲಿಗಮ್ಮಾ?"

"ಹಂಚೋಕೆ. ಲೆಕ್ಕಕ್ಕೆ ಬರದ್ದನ್ನ ಮನೇಲಿಟ್ಟು ಉಪ್ಪಿನಕಾಯಿ ಹಾಕ್ಲಾ?"

ಮೀನು-ಚಿಪ್ಸ್ ಅಂಗಡಿಗೊಂದು, ಹೆಂಗಸರ ಸಲೂನಿಗೊಂದು, ಚರ್ಚಿನ ಡಾನ್ಸ್ ಹಾಲಿಗೊಂದು... ಗ್ರಾಮಫೋನ್ ಇದ್ದ ಕಡೆಗೆಲ್ಲ. ನಿಂತು ಹಾಕಿಸಿಯೇ ಬಂದಳಂತೆ.

ಬುಧವಾರ, 11

ಮೂರು ಹುಡುಗಿಯರು ಬಂದರು—ಚಿಪ್ಸಿಗೆ ಸಾಲಿನಲ್ಲಿ ನಿಂತಾಗ ಕೇಳಿದ ಹಾಡು ಬೇಕಂತೆ. ಆಮೇಲೆ ಸಲೂನಿನಿಂದ ತಲೆತುಂಬ ರೋಲರ್ ಸಿಕ್ಕಿಸಿಕೊಂಡೇ ಓಡಿಬಂದ ಹೆಂಗಸು. ನಿನ್ನೆಯೂ ಇದೇ ಗಲಾಟೆ. ಸ್ಟಾಕು ಖಾಲಿ!

ಲಂಡನ್ನಿನವರದು ಇಪ್ಪತ್ತೊಂಬತ್ತು. ನಮ್ಮದು ಐವತ್ತಮೂರು. ಎರಡು ಸಲ ಎಣಿಸಿದೆ. ಮರ್ವಿನ್‌ಗೆ ಅಷ್ಟನ್ನೇ ಹೇಳಿದೆ.

ಬೇರೆ ಅಂಗಡಿಗಳದು ಗೊತ್ತಿಲ್ಲ.

ಶುಕ್ರವಾರ, 13—ಸಂಜೆ 5.20

ಕೌಂಟರಿನ ಮೇಲೇ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲಾಗುತ್ತಿಲ್ಲ. ಅಂಗಡಿ ತುಂಬ ಜನ. ಅಮ್ಮ ಭಾನುವಾರದ ಹ್ಯಾಟು ಹಾಕಿ ಸ್ಟೂಲಿನ ಮೇಲೆ. ಪಾಳಿ ಮುಗಿಸಿ ಡೆಸ್ ಈಗ ಬಂದ, ಕತ್ತಿನವರೆಗೆ ಮಸಿ. ಏಳು ದಿನದ ಮೇಲೆ ಮೊದಲ ಮಾತು:

"ಈ ಸಲ ಎಷ್ಟು ಕಳೆದೆ?"

"ಕಳೆಯೋಕೆ ಒಂದೂ ಸಿಗಲಿಲ್ಲ ಕಣೋ."

ನಕ್ಕುಬಿಟ್ಟ. ನನ್ನ ತಲೆ ಮೇಲೆ ಮಸಿ ಕೈ ಇಟ್ಟ. ಪಟ್ಟಿ ಏನಾದರೂ ಆಗಲಿ, ನನಗಿಷ್ಟು ಸಾಕು... ಸುಳ್ಳು. ಸಾಲದು. ಒಂದನೆಯದೇ ಬೇಕು!

ರೇಡಿಯೋದಲ್ಲಿ ಮೂರನೆಯದು ಮುಗಿಯಿತು. ಎರಡನೆಯದು—ಲಂಡನ್ನಿನವರದು! ಅಮ್ಮ ನನ್ನ ಮೊಣಕೈ ಹಿಡಿದುಕೊಂಡಿದ್ದಾಳೆ, ಅಕ್ಷರವೆಲ್ಲ ಸೊಟ್ಟ. ಮರ್ವಿನ್ ಕೆಮ್ಮಿದ. "ನಮ್ಮ ಪಟ್ಟಿ ಶುರುವಾದಮೇಲೆ ಮೊದಲನೇ ಸಲ, ನಮ್ಮದೇ ಊರಿನ—" ಮುಂದಿನದು ಅಂಗಡಿಯವರ ಕೂಗಾಟದಲ್ಲಿ ಮುಳುಗಿಹೋಯಿತು!