ಇಬ್ಬರು ಶೇಖಮ್ಮ

ಶಹಾಪುರ
ಗುರುವಾರ ಬೆಳಗ್ಗೆ

ಇಲ್ಲ ಉಮಕ್ಕಾ, ನಿನ್ನ ಈ ಮಾತನ್ನು ಮಾತ್ರ ನಾನು ಕೇಳುವುದಿಲ್ಲ. ‘ಇದ್ದ ಕೆಲಸ ನೆಟ್ಟಗ ಮಾಡು, ದೊಡ್ಡವರ ಮೀಟಿಂಗಿನಾಗ ಬಾಯಿ ತಗೀಬ್ಯಾಡ’ ಎಂದು ಬರೆದಿದ್ದೀಯ. ಗ್ಯಾರೇಜು ಬಿಟ್ಟೆ, ಹತ್ತಿ ಮಿಲ್ಲು ಬಿಟ್ಟೆ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದೂ ಬೈದಿದ್ದೀಯ. ಬೈಯಿ. ಫೋನಿನಲ್ಲಾದರೆ ನಿನ್ನ ಅತ್ತೆ ಭಾಗಮ್ಮ ಸ್ಪೀಕರ್ ಹಾಕಿಕೊಂಡು ಕೂಡುತ್ತಾಳೆ. ಆಕೆಯ ಪುಣ್ಯದಿಂದ ನನಗೆ ಕಾಗದ ಬರೆಯುವುದಾದರೂ ಬಂತು.

ಗುರುಮಠಕಲ್ಲಿನ ಅಂಗನವಾಡಿ ಸಹಾಯಕಿ ಕೆಲಸಕ್ಕೆ ನೀನು ಹಾಕಿದ ಅರ್ಜಿ ‘ಈಗಾಗಲೇ ಕೆಲಸದಲ್ಲಿದ್ದಾರೆ’ ಎಂದು ತಿರುಗಿ ಬಂತಲ್ಲ, ಕಾರಣ ನೀನು ಊಹಿಸಿದ್ದೇ. ಕೆಲಸದಲ್ಲಿರುವ ಶೇಖಮ್ಮ ನೀನಲ್ಲ, ಗೋಗಿ ಅಂಗನವಾಡಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗಳು ಕಸ್ತೂರಕ್ಕ.

ಅಜ್ಜಿ ತೀರಿಕೊಂಡ ವರ್ಷವೇ ಇಬ್ಬರೂ ಹುಟ್ಟಿದಿರಿ, ಇಬ್ಬರಿಗೂ ಶೇಖಮ್ಮ ಎಂದು ಅಜ್ಜಿಯ ಹೆಸರೇ ಇಟ್ಟರು. ಅಜ್ಜಿಯ ಹೆಸರು ಹಿಡಿದು ಬೈಯಬಾರದಲ್ಲ, ಅದಕ್ಕೆ ಮನೆಯಲ್ಲಿ ನೀನು ಉಮಾ, ಆಕೆ ಕಸ್ತೂರಿ. ಶಾಲೆಗೆ ಹಾಕುವಾಗ ಮಾಸ್ತರರು ಊರ ಮಕ್ಕಳನ್ನೆಲ್ಲ ಜೂನ್ ಒಂದಕ್ಕೇ ಹುಟ್ಟಿಸಿಬಿಟ್ಟರು. ತವರಿನ ಹಳೆಯ ರೇಷನ್ ಕಾರ್ಡಿನಲ್ಲಿ ಇಬ್ಬರಿಗೂ ಮನೆಯ ಯಜಮಾನ ನಮ್ಮ ಲಿಂಗಣ್ಣಜ್ಜ. ಈಗ ಎಲ್ಲ ಇಲಾಖೆಗಳ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿದ್ದಾರೆ. ಹೆಸರು ಒಂದೇ, ಹುಟ್ಟಿದ ದಿನ ಒಂದೇ, ಮನೆ ಒಂದೇ ಎಂದು ಕಂಪ್ಯೂಟರ್ ನಿಮ್ಮಿಬ್ಬರನ್ನೂ ಒಬ್ಬಳನ್ನಾಗಿ ಮಾಡಿದೆ.

ಇಬ್ಬರ ಆಧಾರ್ ನಂಬರ್ ಬೇರೆ ಬೇರೆ ಇದೆಯಲ್ಲ ಎಂದು ಕೇಳಿದೆ. ಕೆಲಸದವರ ಹಳೆಯ ಪಟ್ಟಿಯಲ್ಲಿ ಅದನ್ನು ತುಂಬಿಯೇ ಇಲ್ಲವಂತೆ. ಅಂಗನವಾಡಿ ಆಫೀಸಿನವರು ರೇಷನ್ನಿನವರ ಹತ್ತಿರ ಅಟ್ಟಿದರು, ಅವರು ಶಾಲೆಯ ಇಲಾಖೆಗೆ ಅಟ್ಟಿದರು. ಮೂರೂ ಒಂದೇ ವರಾಂಡದಲ್ಲಿವೆ. ಮೂರೂ ಕಡೆ ಚಹಾ ಕೊಡುವ ಇಮಾಮಬೀ ನನ್ನ ಓಡಾಟ ನೋಡಿ ನಕ್ಕಳು. ‘ಮಶೀನ್ ಮಶೀನ್ ಮಾತಾಡಾಕತ್ತಾವ ಬೇಟಾ, ಈ ಮಂದಿ ಒಬ್ಬರಿಗೊಬ್ಬರು ಸಲಾಂ ಸುದ್ದಾ ಮಾಡಂಗಿಲ್ಲ.’

ಪಟ್ಟಿ ಜೋಡಿಸುವುದೇ ತಪ್ಪು ಎನ್ನುವವನು ನಾನಲ್ಲ. ಇಲ್ಲಿಯ ತಾಲೂಕು ಆಫೀಸಿನಲ್ಲಿ ದಿನವೂ ಈ ಪಟ್ಟಿ ಟೈಪ್ ಮಾಡುವವನು ನಾನೇ. ಸರಿಯಾಗಿ ಜೋಡಿಸಿದರೆ ಮುದುಕರು ಅದೇ ಕಾಗದ ಹಿಡಿದುಕೊಂಡು ಬಾಗಿಲು ಬಾಗಿಲು ತಿರುಗುವುದು ತಪ್ಪುತ್ತದೆ. ಆದರೆ ಇವತ್ತು ಮಧ್ಯಾಹ್ನ ಯಾದಗಿರಿಯ ಮೀಟಿಂಗಿನಲ್ಲಿ ಒಂದೊಂದು ಇಲಾಖೆಯೂ ತನಗೆ ಹೊಸ ಕಂಪ್ಯೂಟರ್ ಮಶೀನ್ ಬೇಕೆಂದು ಕೇಳುತ್ತದೆ, ಆಮೇಲೆ ಈ ಪಟ್ಟಿಯನ್ನೇ ಕಾಯಂ ಮಾಡುತ್ತಾರೆ. ಕಾಯಂ ಆಯಿತೆಂದರೆ ನಿನ್ನ ಕೆಲಸ ಹೋದಂತೆಯೇ. ಒಂದಾಗಿ ಹೋದವರನ್ನು ಮೊದಲು ಕರೆಸಿ ಮುಖ ನೋಡಿ, ಮಶೀನ್ ಆಮೇಲೆ ಕೊಳ್ಳಿ ಎಂದು ಹೇಳುತ್ತೇನೆ. ಅಷ್ಟೇ.

ನಮ್ಮ ಮೇಲಿನ ಬಸವಕುಮಾರ ಸರ್‌ಗೆ ವಾಸನೆ ಹತ್ತಿದೆ. ನಿನ್ನೆ ಕರೆದು, ‘ತಮ್ಮಾ, ಮೀಟಿಂಗಿನಾಗ ಪಡದಿ ಮ್ಯಾಲ ಪಟ್ಟಿ ತೋರ್ಸೂದಷ್ಟ ನಿನ್ನ ಕೆಲಸ. ಮಾತಾಡ್ದಿ ಅಂದ್ರ ಮರುದಿನದಿಂದ ಬರಬ್ಯಾಡ’ ಅಂದರು.

‘ತೋರಸ್ತೀನ್ರಿ ಸರ, ಎಲ್ಲಾ ತೋರಸ್ತೀನಿ’ ಅಂದೆ. ಕಾಗದದಲ್ಲಿ ಅವರೂ ಜೂನ್ ಒಂದಕ್ಕೇ ಹುಟ್ಟಿದವರು, ಹೆಚ್ಚು ಬೈಯಲಿಲ್ಲ.

ನಿನಗೆ ಅಂಜಿಕೆ ನನ್ನ ಕೆಲಸದ್ದಲ್ಲ, ಅದು ನನಗೆ ಗೊತ್ತು. ಗದ್ದಲ ಎದ್ದರೆ ಚೌಕಶಿ, ತನಿಖೆ ಎಂದು ಬರುತ್ತದೆ, ಕಸ್ತೂರಿಯ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ, ಗಂಡನಿಲ್ಲದವಳು, ಆಕೆಗೆ ಸುದ್ದಿಯನ್ನೂ ಮುಟ್ಟಿಸಬೇಡ ಎಂದು ಕಾಗದದ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ. ಅದನ್ನು ಎರಡು ಸಲ ಓದಿದೆ. ಆದರೆ ಒಬ್ಬಳು ಸುಮ್ಮನಿದ್ದರೆ ಇನ್ನೊಬ್ಬಳು ಉಳಿಯುತ್ತಾಳೆ ಎನ್ನುವುದು ನಿನ್ನ ಲೆಕ್ಕ. ನಾಳೆ ಇನ್ನಾವುದೋ ಇಲಾಖೆ ಪಟ್ಟಿ ಜೋಡಿಸಿದಾಗ ಆಕೆಯ ಹೆಸರೇ ಹಾರಿಹೋದರೆ?

ಸಂಜೆಯ ತನಕವಂತೂ ಕೆಲಸದಲ್ಲಿರುವ ನಿನ್ನ ತಮ್ಮ,
ಬಸಲಿಂಗ

ತಾ.ಕ.: ಸುದ್ದಿ ಮುಟ್ಟಿಸಬೇಡ ಅಂದಿದ್ದೆ. ಮುಟ್ಟಿಸಿದೆ. ಗೋಗಿಯ ಮೊದಲ ಆಟೋಕ್ಕೇ ಕಸ್ತೂರಕ್ಕ ಬಂದು ನನ್ನ ಬಾಗಿಲಲ್ಲಿ ನಿಂತಿದ್ದಾಳೆ. ಚೌಕಶಿ ಬಂದರೆ ಬರಲಿ ಎನ್ನುತ್ತಾಳೆ. ‘ಅಜ್ಜಿ ಹೆಸರು ಇಬ್ಬರಿಗೂ ಇಟ್ಟಾರ. ಉಮಾನ ಪಾಲು ಸೇರ್ಸಿ ನಾ ಒಬ್ಬಾಕಿನ ಹ್ಯಾಂಗ ಉಣ್ಲಿ? ಆಕಿಗೆ ಬಾ ಅಂತ ಬರಿ’ ಅಂದಳು, ಬರೆಯುತ್ತಿದ್ದೇನೆ. ಈ ಕಾಗದ ತರುವ ಕಂಡಕ್ಟರ್ ದುರಗಪ್ಪ ವಾಪಸ್ ಬರುವಾಗ ನಿನಗೆ ಕಿಟಕಿಯ ಸೀಟು ಹಿಡಿದಿರುತ್ತಾನೆ. ಅತ್ತೆಗೆ ಏನು ಹೇಳುತ್ತೀಯೋ ಹೇಳು, ಮೂರರೊಳಗೆ ಯಾದಗಿರಿಗೆ ಬಾ. ಪರದೆಯ ಮೇಲೆ ಒಬ್ಬಳೇ ಶೇಖಮ್ಮನನ್ನು ತೋರಿಸುತ್ತೇನೆ, ಪರದೆಯ ಮುಂದೆ ನೀವಿಬ್ಬರೂ ನಿಲ್ಲಬೇಕು. ಆಕೆ ಮೆಟ್ಟಿಲು ಇಳಿದು ಕೂಗುತ್ತಿದ್ದಾಳೆ. ನಾನು ಹೊರಗೆ ಬಂದು ಬಾಗಿಲು ಎಳೆದು ಹಾಕಿ, ಅದರ ಮೇಲೆಯೇ ಕಾಗದ ಒತ್ತಿಕೊಂಡು ಈ ಸಾಲು ಬರೆದೆ.