ಸಲಹೆ ಕೊಟ್ಟು ಅಲ್ಲೇ ಉಳಿದವರು

ಗುಡ್ಡದ ಪೇಟೆ, ಹೊನ್ನಾವರ
30 ಫೆಬ್ರವರಿ 2171

ಪೂಜ್ಯ ಮೇಘಶ್ರೀ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ; ತಿಂಗಳುಗಳನ್ನು ಸಮ ಮಾಡಿದಾಗ ನಮಗೆ ಸಿಕ್ಕಿದ ದಿನ ಇದು. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ನಿಮ್ಮ ಮರಿಮಗಳ ಮೊಮ್ಮಗಳು, ಹೆಸರು ತುಂಗೆ.

ಇದನ್ನು ನೆರಳುಗಂಟೆಯಲ್ಲಿ ಬರೆಯುತ್ತಿದ್ದೇನೆ. ಹತ್ತರಿಂದ ನಾಲ್ಕರವರೆಗೆ ಇಲ್ಲಿ ಯಾರೂ ಬಿಸಿಲಿಗೆ ಇಳಿಯುವಂತಿಲ್ಲ. ಬೀದಿಗಳ ಮೇಲೆ ಬಿಳಿ ಬಟ್ಟೆಯ ಚಪ್ಪರ ಎಳೆದಿರುತ್ತಾರೆ; ಮಕ್ಕಳು ಮಲಗುತ್ತಾರೆ, ಮುದುಕರು ಬಲೆ ರಿಪೇರಿ ಮಾಡುತ್ತಾರೆ. ಹಳೆಯ ಊರು ಕೆಳಗೆ ನೀರಿನಲ್ಲಿದೆ. ಇಳಿತದ ಹೊತ್ತಿಗೆ ಬಸ್ ನಿಲ್ದಾಣದ ಛಾವಣಿ ಕಾಣುತ್ತದೆ.

ಈ ಕಾಗದ ಕಾಲದಲ್ಲಿ ಹಿಂದಕ್ಕೆ ಬಂದು ನಿಮ್ಮ ಕೈ ಸೇರುವಾಗ ನಿಮಗೆ ಇಪ್ಪತ್ತೈದು. ಎಂ.ಬಿ.ಎ. ಮುಗಿಸಿದ್ದೀರಿ, ಎದುರಿಗೆ ಎರಡು ಕೆಲಸಗಳಿವೆ. ಒಂದು, ದೇಶ ದೇಶ ಸುತ್ತಿ ಹತ್ತಾರು ಕಂಪನಿಗಳಿಗೆ ಸಲಹೆ ಕೊಡುವ ದೊಡ್ಡ ಸಂಸ್ಥೆಯದು. ಇನ್ನೊಂದು ಬೆಂಗಳೂರಿನ ಒಂದು ವಿಮಾ ಕಂಪನಿಯದು. ಅದರೊಳಗೇ ಕೂತು ಅದರ ವಿಭಾಗಗಳಿಗೇ ಸಲಹೆ ಕೊಡುವ ಸಣ್ಣ ತಂಡ. ಎರಡನೆಯದನ್ನು ಕೇಳಿ ಗೆಳತಿಯರು ಮಾತು ಬದಲಿಸಿದರು. ದಾವಣಗೆರೆಯಲ್ಲಿ ಟೈಲರ್ ಆಗಿದ್ದ ನಿಮ್ಮ ತಂದೆ ಹಾಲೇಶಪ್ಪನವರು ಮಾತ್ರ ಹೇಳಿದರು: “ಹೊಲ್ದು ಕೊಟ್ಟು ಊರು ಬಿಡೋ ಟೈಲರ್ ಬೇರೆ, ಅದೇ ಬೀದೀಲಿ ಅಂಗಡಿ ಇಟ್ಕಂಡಿರೋನು ಬೇರೆ ಕಣವ್ವ. ಅವ್ನು ದಿನಾ ತನ್ನ ಹೊಲಿಗೆ ಕಣ್ಣಾರೆ ನೋಡ್ಬೇಕು.”

ನಿಮಗಿನ್ನೂ ನಡೆಯಬೇಕಾದದ್ದನ್ನು ನಾನು ನಡೆದದ್ದೆಂದು ಹೇಳುತ್ತೇನೆ. ನೀವು ವಿಮಾ ಕಂಪನಿಗೇ ಸೇರಿದಿರಿ. ಅಲ್ಲಿ ಪರಿಹಾರದ ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತಿದ್ದವು. ತೊಂಬತ್ತು ದಿನದೊಳಗೆ ದಾಖಲೆ ಬಾರದ ಅರ್ಜಿ ತಾನಾಗಿ ಮುಚ್ಚಿಹೋಗಲಿ ಎಂದು ಮೂರನೆಯ ವರ್ಷ ಸಲಹೆ ಕೊಟ್ಟಿರಿ. ಕೆಲಸ ಚುರುಕಾಯಿತು, ನಿಮಗೆ ಬಡ್ತಿ ಸಿಕ್ಕಿತು.

ಎಂಟು ತಿಂಗಳಾದ ಮೇಲೆ ಹೊನ್ನಾವರದ ಒಬ್ಬ ಹೆಂಗಸು ಕಚೇರಿಯ ಕೆಳಮಹಡಿಗೆ ಬಂದು ಕೂತರು. ಗಂಡ ಮೀನಿಗೆ ಹೋದವನು ದೋಣಿಯೊಂದಿಗೇ ಕಾಣೆಯಾಗಿದ್ದ. ಮರಣ ಪತ್ರವಿಲ್ಲದೆ ಅರ್ಜಿ ಮುಚ್ಚಿಹೋಗಿತ್ತು. ಎರಡು ದಿನ ಎಲ್ಲರೂ ಆಕೆಯನ್ನು ದಾಟಿ ಹೋದರು. ಮೂರನೆಯ ದಿನ, ಟೀ ಕುಡಿಯಲು ಇಳಿದ ನೀವು ಏನೆಂದು ಕೇಳಿದಿರಿ.

“ಹೆಣ ಸಿಕ್ಕಿದ್ರೆ ಕಾಗ್ದ ಕೊಡ್ತಿದ್ರಂತೆ. ಸಮುದ್ರ ಕಾಗ್ದ ಕೊಡ್ತದಾ ಮೇಡಮ್? ತೊಂಬತ್ತು ದಿನ ಅಂತ ಬರ್ದವ್ರನ್ನ ಒಂದ್ಸಲ ಕಾಣ್ಬೇಕಿತ್ತು.”

ನಾನೇ ಬರೆದದ್ದು ಎಂದಿರಿ. ಆಕೆ ಬೈಯಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಕೆಳಗಿಟ್ಟು, “ಕೂತ್ಕಣಿ, ಹೇಳ್ತೆ,” ಎಂದರು. ಮಧ್ಯಾಹ್ನವಿಡೀ ನೀವು ಅಲ್ಲಿಂದ ಏಳಲಿಲ್ಲ.

ಮರುವಾರ ನಿರ್ದೇಶಕರ ಮುಂದೆ ನಿಂತು, “ಈ ನಿಯಮ ನನ್ನದು, ತಪ್ಪಾಗಿದೆ, ತೆಗೀಬೇಕು,” ಎಂದಿರಿ. “ಗೆದ್ದದ್ದನ್ನ ಯಾಕ್ರೀ ಸೋಲು ಮಾಡ್ಕೋತೀರಾ?” ಎಂದು ಮುಖ್ಯಸ್ಥರು ಕೇಳಿದರು. ನಿಯಮ ತೆಗೆಸಲು ಹದಿನಾಲ್ಕು ತಿಂಗಳು ಹಿಡಿಯಿತು. ಆರು ವರ್ಷ ನಿಮ್ಮ ಹೆಸರು ಬಡ್ತಿಯ ಪಟ್ಟಿಗೆ ಬರಲಿಲ್ಲ. ಮುಚ್ಚಿದ್ದ ಅರ್ಜಿಗಳನ್ನು ಒಂದೊಂದಾಗಿ ತೆರೆಸಿದಿರಿ. ಆಕೆಯದೂ ಮಂಜೂರಾಯಿತು, ಆದರೆ ಪತ್ರ, ವಿಳಾಸದಲ್ಲಿ ಯಾರೂ ಇಲ್ಲವೆಂದು ಹಿಂದಕ್ಕೆ ಬಂತು. ನೀವೇ ಹೊನ್ನಾವರಕ್ಕೆ ಹೋದಿರಿ. ಬಾಗಿಲಿಗೆ ಬೀಗ ಹಾಕಿತ್ತು.

ಅಂದಿನಿಂದ ನಿಮ್ಮ ತಂಡದಲ್ಲಿ ಒಂದು ರೂಢಿ ಹುಟ್ಟಿತು. ಈಗ ಅದು ಎಲ್ಲೆಡೆ ಕಾನೂನು, ಮರುಭೇಟಿ ಎನ್ನುತ್ತೇವೆ. ಸಲಹೆ ಕೊಟ್ಟವರು ಒಂದು ವರ್ಷದ ನಂತರ, ಅದು ತಟ್ಟಿದ ಜನರ ನಡುವೆ ಏಳು ದಿನ ಇರಬೇಕು. ನಾನೂ ಅದಕ್ಕೇ ಇಲ್ಲಿಗೆ ಬಂದವಳು. ನೀರು ಏರುತ್ತಿದೆಯೆಂದು, ಮೀನು ಒಣಗಿಸುವ ಅಂಗಳವನ್ನು ಇನ್ನೂ ಮೇಲಕ್ಕೆ ಸರಿಸಿ ಎಂದು ಹೋದ ವರ್ಷ ಈ ಊರಿಗೆ ಸಲಹೆ ಕೊಟ್ಟಿದ್ದೆ. ಮೆಟ್ಟಿಲು ಮುನ್ನೂರಾದವು. ಮುದುಕಿಯರ ಮಂಡಿ ನನ್ನ ನೆನಪಿಗೇ ಬಂದಿರಲಿಲ್ಲ. ನಾಳೆ ಏಳನೆಯ ದಿನ, ಅವರ ಮುಂದೆ ನಿಂತು ಅದನ್ನು ಒಪ್ಪಿಕೊಳ್ಳಬೇಕು, ಹೆದರಿಕೆಯಾಗುತ್ತಿದೆ.

ಈ ದಿನಗಳಲ್ಲಿ ಆ ಹೆಂಗಸಿನ ವಂಶದವರನ್ನೂ ಮನೆಮನೆ ಕೇಳಿದೆ. “ಹೆಸ್ರೇ ಇಲ್ದೆ ಯಾರನ್ನ ಹುಡ್ಕೂದು?” ಎಂದರು. ಕಂಪನಿಯ ಕಡತಗಳು ಈಗ ಉಳಿದಿಲ್ಲ; ನಮ್ಮ ಮನೆಯಲ್ಲಿ ಉಳಿದುಬಂದ ನಿಮ್ಮ ನೋಟ್‌ಬುಕ್ಕಿನಲ್ಲಿ ಆಕೆಯ ಅರ್ಜಿಯ ಸಂಖ್ಯೆಯಿದೆ, ಆಡಿದ ಮಾತೆಲ್ಲ ಇದೆ. ಹೆಸರಿಲ್ಲ.

ಯಾವ ಕೆಲಸ ಹಿಡಿಯಬೇಕೆಂದು ನಾನು ಹೇಳಲಾರೆ. ಆ ನಿಯಮವನ್ನು ಬರೆಯದೇ ಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ಎಲ್ಲಿಗೆ ಸೇರಿದರೂ, ನಿಮ್ಮ ಇನ್ನಾವುದೋ ಮಾತು ತಟ್ಟಿದವರು ಒಂದು ದಿನ ಬಂದೇ ಬರುತ್ತಾರೆ. ಬಂದಾಗ, ದಯವಿಟ್ಟು, ಮೊದಲು ಅವರ ಹೆಸರು ಕೇಳಿ.

ನಿಮ್ಮ,
ತುಂಗೆ